ಕೂರಿಗೆ ಬಿಟ್ಟು ಮಿಲ್ಲಿಗೆ ಹೋದ ಅಪ್ಪ

ನನ್ನ ಅಪ್ಪ ಎಂಬತ್ತು ದಾಟಿ ಬದುಕಿದ. ಮೂವತ್ತರ ಆಸುಪಾಸಿನವರೆಗೆ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಹತ್ತಿರ ರಾಗಿ ಬೆಳೆಯುವ ರೈತ. ಆಮೇಲೆ ನೌಕರಿಯ ವಯಸ್ಸು ಮುಗಿಯುವವರೆಗೆ ಮಾಲೂರಿನ ಒಂದು ನೂಲಿನ ಮಿಲ್ಲಿನಲ್ಲಿ ಕಾರ್ಮಿಕ. ಮಿಲ್ಲಿನಲ್ಲಿ ಕಳೆದ ವರ್ಷಗಳೇನೂ ಕಡಿಮೆಯಲ್ಲ. ಆದರೂ ಯಾರಾದರೂ "ಏನ್ ಕೆಲಸ ಯಜಮಾನ್ರೇ?" ಎಂದು ಕೇಳಿದರೆ ಕೊನೆಯವರೆಗೂ "ಬೇಸಾಯ" ಎಂದೇ ಹೇಳುತ್ತಿದ್ದ. ಖಾಕಿ ಅಂಗಿ ತೊಟ್ಟು, ತಲೆಗೂದಲಿಗೆ ಹತ್ತಿಯ ಧೂಳು ಅಂಟಿಸಿಕೊಂಡು, ಮಿಲ್ಲಿನ ಗೇಟಿನ ಮುಂದೆ ಟೀ ಕುಡಿಯುತ್ತ ನಿಂತಾಗಲೂ ಹಾಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಚಿಕ್ಕವಳಿದ್ದಾಗ ಅದು ಸುಳ್ಳು ಅನ್ನಿಸಿ ನಾಚಿಕೆಯಾಗುತ್ತಿತ್ತು. ಈಗ ಹಾಗನ್ನಿಸುವುದಿಲ್ಲ.

ನಮ್ಮ ಹೊಲ ಕೆರೆಯ ಹಿಂಬದಿಯಲ್ಲಿ, ಬಂಡೆಗುಡ್ಡದ ಬುಡಕ್ಕಿತ್ತು. ಕೆಂಪು ಮಣ್ಣು. ಮರವೆಂದರೆ ಬದುವಿನ ಮೇಲಿನ ಒಂದು ಹೊಂಗೆ, ಅಷ್ಟೇ. ಹೊಂಗೆಯಡಿ ನಿಂತರೆ ಆ ಕಡೆ ಕೆರೆ ಏರಿ, ಈ ಕಡೆ ಹೆದ್ದಾರಿಯ ಲಾರಿಗಳು, ನಡುವೆ ಬರೀ ಬಯಲು. ಗಾಳಿಗೆ ಅಡ್ಡವೇ ಇರಲಿಲ್ಲ. ಆ ಹೊಲ ಅಪ್ಪನಿಗೂ ಚಿಕ್ಕಪ್ಪನಿಗೂ ಸೇರಿದ್ದು. ಅಣ್ಣತಮ್ಮ ಇಬ್ಬರೇ. ಭಾಗವಾಗಿರಲಿಲ್ಲ, ಆಗಬೇಕೆಂದು ಇಬ್ಬರಿಗೂ ಅನ್ನಿಸಿರಲೂ ಇಲ್ಲ. ಬಿತ್ತುವ ದಿನ ಚಿಕ್ಕಪ್ಪ ಎತ್ತು ಹೊಡೆಯುವನು. ಅಪ್ಪ ಕೂರಿಗೆಯ ಹಿಂದೆ ನಡೆಯುತ್ತ ಅದರ ಬಟ್ಟಲಿಗೆ ರಾಗಿ ಬಿಡುವನು. ಬೀಜ ಬಿಡುವುದು ನೋಡುವುದಕ್ಕೆ ಸುಲಭ. ಮುಷ್ಟಿ ಸ್ವಲ್ಪ ಸಡಿಲವಾದರೆ ಪೈರು ಒತ್ತೊತ್ತಾಗಿ ಬರುತ್ತದೆ, ಬಿಗಿಯಾದರೆ ನೆಲ ಬೋಳು. ಅಪ್ಪನ ಕೈಯಿಂದ ಬಿದ್ದ ಸಾಲು ಬಾಚಣಿಗೆಯಲ್ಲಿ ಬಾಚಿದ ಹಾಗಿರುತ್ತಿತ್ತು ಎಂದು ಊರಿನವರು ಹೇಳುತ್ತಿದ್ದರು. ಅಕ್ಕಪಕ್ಕದ ಹೊಲದವರೂ ಅವನನ್ನು ಕರೆದುಕೊಂಡು ಹೋಗುತ್ತಿದ್ದರಂತೆ.

ಅವನು ಹೊಲ ಬಿಟ್ಟಿದ್ದು ಅಕ್ಕನ ಕಾಯಿಲೆಯಿಂದ.

ಅಕ್ಕ ನನಗಿಂತ ಐದಾರು ವರ್ಷ ದೊಡ್ಡವಳು. ಅವಳಿಗೆ ಮೂರ್ಛೆ ಬರುತ್ತಿತ್ತು. ಮಾತಾಡುತ್ತಿದ್ದವಳು ತಟ್ಟನೆ ಸುಮ್ಮನಾಗಿ, ಕಣ್ಣು ಮೇಲಾಗಿ, ಕಡಿದ ಮರದಂತೆ ಬಿದ್ದುಬಿಡುತ್ತಿದ್ದಳು. ಊರಿನಲ್ಲಿ ಕೈಗೆ ಕಬ್ಬಿಣ ಕೊಟ್ಟರು, ಈರುಳ್ಳಿ ಮೂಸಿಸಿದರು, ತಾಯಿತ ಕಟ್ಟಿಸಿದರು. ಒಂದು ಬೇಸಿಗೆಯಲ್ಲಿ ಅವಳು ಎಮ್ಮೆ ಮೈ ತೊಳೆಯುವವರ ಹಿಂದೆ ಕೆರೆಗೆ ಹೋದಳು. ಅವರು ಎಮ್ಮೆಗಳ ಜೊತೆ ದೂರ ಹೋಗಿದ್ದರು, ಇವಳಿಗೆ ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದಾಗಲೇ ಮೂರ್ಛೆ ಬಂತು. ಮುಖ ಅಡಿಯಾಗಿ ಬಿದ್ದವಳನ್ನು ಏರಿಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಚಿಕ್ಕಪ್ಪ ಕಂಡ. ಹೊರೆ ಎಸೆದು, ಓಡಿ ಬಂದು ಎತ್ತಿಕೊಂಡ. ಹೊಟ್ಟೆಯ ನೀರು ಹೊರಗೆ ಬಂದು ಅವಳು ಅತ್ತ ಮೇಲೆ, ಅವನೂ ಕೆರೆಯಂಗಳದಲ್ಲಿ ಕೂತು ಅವಳಿಗಿಂತ ಜೋರಾಗಿ ಅತ್ತನಂತೆ. ಆಗ ಅವನಿಗಿನ್ನೂ ಮದುವೆಯಾಗಿರಲಿಲ್ಲ.

ಮಾರನೇ ದಿನವೇ ಅಣ್ಣತಮ್ಮ ಇಬ್ಬರೂ ಅಕ್ಕನನ್ನು ಬಸ್ಸಿನಲ್ಲಿ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರಮ್ಮ ಇದು ದೇವರೂ ಅಲ್ಲ, ದೆವ್ವವೂ ಅಲ್ಲ, ತಲೆಯೊಳಗಿನ ನರದ ಕಾಯಿಲೆ, ವರ್ಷಗಟ್ಟಲೆ ಒಂದು ದಿನವೂ ತಪ್ಪಿಸದೆ ಮಾತ್ರೆ ಕೊಟ್ಟರೆ ವಾಸಿಯಾಗುತ್ತದೆ ಎಂದರು. ತಪ್ಪಿಸಿದರೆ ಮೊದಲಿಗಿಂತ ಹೆಚ್ಚಾಗುತ್ತದೆ ಎಂದೂ ಹೇಳಿದರು. ವರ್ಷಕ್ಕೊಂದು ಬೆಳೆ ನೋಡುವ ಮನೆಯಲ್ಲಿ ಪ್ರತಿದಿನದ ಮಾತ್ರೆಗೆ ದಾರಿ ಎಲ್ಲಿಂದ? ಆ ಹೊತ್ತಿಗೆ ಮಾಲೂರಿನ ಮಿಲ್ಲಿಗೆ ಜನ ತೆಗೆದುಕೊಳ್ಳುತ್ತಿದ್ದರು. ಅಲ್ಲಿ ಕೆಲಸಕ್ಕೆ ಸೇರಿದವರ ಮನೆಮಂದಿಗೆಲ್ಲ ಇ.ಎಸ್.ಐ. ಆಸ್ಪತ್ರೆಯಲ್ಲಿ ಔಷಧಿ ಸಿಗುತ್ತದೆ ಎಂದು ಯಾರೋ ಹೇಳಿದರು.

ಅಪ್ಪನಿಗೆ ಮನಸ್ಸಿರಲಿಲ್ಲ. ಚಿಕ್ಕಪ್ಪನೇ ಒತ್ತಾಯ ಮಾಡಿ ಕಳಿಸಿದ ಎಂದು ಅಮ್ಮ ಹೇಳುತ್ತಿದ್ದಳು.

"ಹೋಗಣ್ಣಾ. ಹೊಲ ನಾನ್ ನೋಡ್ಕೊಂತೀನಿ. ಮಗು ಹುಷಾರಾಗ್ಲಿ, ಆಮ್ಯಾಕೆ ಬಂದ್ಬುಡು. ಹೊಲ ಎಲ್ಗೋಗುತ್ತೆ?"

"ಬಿತ್ನೆಗೆ ಬರ್ತೀನಿ ಕಣ್ಲಾ. ನಾನಿಲ್ದೆ ಕೂರಿಗೆ ಕಟ್ಬೇಡ."

"ನೀನ್ ಬರ್ದೆ ಯಾರ್ ಕಟ್ತಾರೆ, ಹೋಗು."

ನನ್ನ ನೆನಪು ಶುರುವಾಗುವುದೇ ಮಾಲೂರಿನಲ್ಲಿ. ಹೆಂಚಿನ ಕಾರ್ಖಾನೆಗಳ ಹಿಂದೆ ಒಂದು ವಠಾರದ ಮನೆ. ಗೂಡುಗಳ ಹೊಗೆ, ಸುಟ್ಟ ಮಣ್ಣಿನ ವಾಸನೆ, ದೂರದಲ್ಲಿ ರೈಲಿನ ಕೂಗು. ನಾವು ಅಪ್ಪನನ್ನು ಕರೆಯುತ್ತಿದ್ದುದು ನಾಯ್ನಾ ಎಂದು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಅರ್ಧ ತೆಲುಗು ತಾನೇ. ನಾಯ್ನ ಕೆಲಸದಿಂದ ಬಂದರೆ ಮನೆಯೊಳಗೂ ಕಿರುಚಿಯೇ ಮಾತಾಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ದನಿ ತಾನಾಗಿ ಇಳಿಯುತ್ತಿತ್ತು. ಮಿಲ್ಲಿನ ಯಂತ್ರಗಳ ಸದ್ದು ಅಷ್ಟು ಜೋರಂತೆ. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೂ ಕೇಳದು. ಅದಕ್ಕೇ ಅಲ್ಲಿಯವರೆಲ್ಲ ಕೈಸನ್ನೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಊಟಕ್ಕೆ ಒಂದು ಸನ್ನೆ, ಮೇಸ್ತ್ರಿ ಬಂದ ಎನ್ನುವುದಕ್ಕೆ ಒಂದು, ಹೆಂಡತಿ, ಮಗು, ಜ್ವರ, ಮದುವೆ, ಸಾವು, ಎಲ್ಲಕ್ಕೂ ಒಂದೊಂದು.

ಅಪ್ಪನಿಗೆ ಆ ಭಾಷೆ ಕಲಿಸಿದವರು ಪಕ್ಕದ ಯಂತ್ರ ನೋಡಿಕೊಳ್ಳುತ್ತಿದ್ದ ಒಬ್ಬ ಸಾಬರು. ಮಾಲೂರಿನ ಹಳೆಯ ಮನೆತನ, ಮನೆಯಲ್ಲಿ ದಖನಿ ಮಾತು. ನಾವು ಅವರನ್ನು ಮಾಮು ಎನ್ನುತ್ತಿದ್ದೆವು. ಮಿಲ್ಲಿಗೆ ತೆರೆಯುವ ಕಿಟಕಿಗಳಿರಲಿಲ್ಲ. ಇದ್ದ ಗಾಜುಗಳೂ ಬಣ್ಣ ಬಳಿದು ಮುಚ್ಚಿದಂಥವು. ನೂಲು ಹರಿಯಬಾರದೆಂದು ಒಳಗೆ ಯಾವಾಗಲೂ ತೇವದ ಗಾಳಿ ಬಿಡುತ್ತಿದ್ದರು. ಹೊರಗೆ ಬಿಸಿಲೋ ಮೋಡವೋ ಗೊತ್ತೇ ಆಗುತ್ತಿರಲಿಲ್ಲ. ಅಪ್ಪನಿಗೆ ಇದೊಂದು ಸಹಿಸಲಾಗುತ್ತಿರಲಿಲ್ಲವಂತೆ. ಮಾಮು ಬೀಡಿ ಸೇದಲು ಹೊರಗೆ ಹೋಗಿ ಬಂದಾಗ ಮಳೆ ಬರುತ್ತಿದ್ದರೆ, ಬಾಗಿಲಲ್ಲೇ ನಿಂತು ಎರಡು ಕೈ ಮೇಲೆತ್ತಿ ಬೆರಳು ಆಡಿಸುತ್ತ ಕೆಳಗಿಳಿಸುವರು. ಅಪ್ಪ ತೋರುಬೆರಳ ಮೇಲೆ ಹೆಬ್ಬೆರಳಿಟ್ಟು ಕೇಳುವನು. ಮಣ್ಣು ಎಷ್ಟು ನೆಂದಿದೆ ಎಂದು. ಉಗುರಷ್ಟೋ, ಒಂದು ಗಿಣ್ಣಷ್ಟೋ, ಇಡೀ ಬೆರಳೋ ಎಂದು ಮಾಮು ತೋರಿಸುವರು. "ನಿಮ್ಮಪ್ಪನಿಂದಾಗಿ ನಾನು ಮಳೇಲಿ ನಿಂತು ಮಣ್ಣಿಗೆ ಬೆರಳು ಹಾಕಿ ನೋಡೋನು, ಲೋಗಾಂ ದೇಖೇ ತೋ, ನೋಡಿದ ಜನ ಹುಚ್ಚ ಅನ್ನೋರು" ಎಂದು ಮಾಮು ನಗುತ್ತಿದ್ದರು.

ಮುಂಗಾರು ಬಿದ್ದರೆ ಸಾಕು, ಅಪ್ಪ ರಜೆ ಹಾಕಿ ಊರಿಗೆ ಹೊರಡುತ್ತಿದ್ದ. ಕೋಲಾರದಲ್ಲಿ ಬಸ್ಸು ಬದಲಾಯಿಸಿ, ದೇವರಾಯಸಮುದ್ರದ ಗೇಟಿನಲ್ಲಿ ಇಳಿದು, ಅಲ್ಲಿಂದ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ. ಎಷ್ಟೋ ಸಲ ನಾನೂ ಜೊತೆಗಿದ್ದೆ. ಹೊಂಗೆ ಮರದ ಕೆಳಗೆ ಚಿಕ್ಕಪ್ಪ ಎತ್ತು ಕಟ್ಟಿಕೊಂಡು ಕಾಯುತ್ತಿರುತ್ತಿದ್ದ. "ಬಂದ್ಯಾ?" "ಬಂದೆ." ಅಷ್ಟೇ. ಬಿತ್ತನೆ ಮುಗಿದ ಮೇಲೆ ಅಪ್ಪ ಬದುವಿನ ಮೇಲೆ ಕಾಲು ಚಾಚಿ ಕೂತರೆ ಅವನ ಮುಖ ಮಾಲೂರಿನಲ್ಲಿ ನಾನು ನೋಡುತ್ತಿದ್ದ ಮುಖವಾಗಿರುತ್ತಿರಲಿಲ್ಲ.

ಅಕ್ಕನಿಗೆ ಮೂರ್ಛೆ ಕಡಿಮೆಯಾಗುತ್ತ ಬಂತು. ತಿಂಗಳಿಗೊಮ್ಮೆ ಬರುತ್ತಿದ್ದುದು ವರ್ಷಕ್ಕೊಮ್ಮೆ ಆಯಿತು, ಆಮೇಲೆ ನಿಂತೇ ಹೋಯಿತು. ಡಾಕ್ಟರು ಆದರೂ ಮಾತ್ರೆ ಬಿಡಬೇಡಿ ಎಂದರು. ಹಾಗಾಗಿ ಅಪ್ಪನಿಗೆ ಮಿಲ್ಲನ್ನು ಬಿಡಲಾಗಲಿಲ್ಲ. ಎರಡು ವರ್ಷಕ್ಕೆಂದು ಬಂದವನು ಹತ್ತು ವರ್ಷ ದಾಟಿದ. ಅಷ್ಟರಲ್ಲಿ ಚಿಕ್ಕಪ್ಪನಿಗೆ ಮದುವೆಯಾಗಿ ಮಗನೂ ಹುಟ್ಟಿದ್ದ.

ಒಂದು ವರ್ಷ ಮಿಲ್ಲಿನಲ್ಲಿ ಮುಷ್ಕರ ನಡೆಯಿತು. ಅದು ಮುಗಿದ ಮೇಲೆ ನಿಂತ ಕೆಲಸವೆಲ್ಲ ತೀರಬೇಕು, ಯಾರಿಗೂ ರಜೆ ಇಲ್ಲ, ಹೇಳದೆ ಹೋದವರು ಮತ್ತೆ ಬರುವುದೇ ಬೇಡ ಎಂದು ಮಿಲ್ಲಿನವರು ಹೇಳಿಬಿಟ್ಟರು. ಆ ವಾರವೇ ಹದವಾದ ಮಳೆ ಬಿತ್ತು. ಮಾಮು ಹೊರಗೆ ಹೋಗಿ ಬಂದರೂ ಕೈ ಎತ್ತಲಿಲ್ಲವಂತೆ. ಅಪ್ಪ ಕಣ್ಣಲ್ಲೇ ಕೇಳಿದರೆ ಇಲ್ಲ ಎಂದು ತಲೆಯಾಡಿಸಿದರಂತೆ. ಪಾಳಿ ಮುಗಿಸಿ ಗೇಟು ದಾಟಿದಾಗ ಬೀದಿಯೆಲ್ಲ ಕೆಂಪು ನೀರು. ಅಪ್ಪ ಮಾಮುವನ್ನು ಬೈಯಲಿಲ್ಲ. ಮನೆಗೆ ಬಂದು, ಒದ್ದೆ ಕಾಲಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ. ಅಮ್ಮ ಕಾಫಿ ತಂದಿಟ್ಟಳು. ಅದು ಆರಿ ಕೆನೆ ಕಟ್ಟಿತು.

ಊರಿನಲ್ಲಿ ಚಿಕ್ಕಪ್ಪ ಕಾದ. ಹದ ಮೀರುತ್ತಿದೆ ಎಂದಾಗ ಯಾರೋ ಕೂಲಿಯವನಿಂದ ಬೀಜ ಬಿಡಿಸಿದ. ಪೈರು ಒಂದು ಕಡೆ ಗುಂಪಾಗಿ, ಒಂದು ಕಡೆ ಬೋಳಾಗಿ ಬಂತು. ಮುಂದಿನ ವರ್ಷವೂ ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಹೋಗಲಾಗಲಿಲ್ಲ. ಅದರ ಮರುವರ್ಷ ಅಪ್ಪನೂ ನಾನೂ ಹೋದಾಗ ಹೊಂಗೆಯ ಕೆಳಗೆ ಎತ್ತುಗಳಿರಲಿಲ್ಲ. ಹೊಲದ ತುಂಬ ಸಾಲಾಗಿ ಗುಂಡಿ ತೋಡಿ ನೀಲಗಿರಿ ಸಸಿ ನೆಟ್ಟಿದ್ದರು. ಮೊಣಕಾಲೆತ್ತರದ ಸಸಿಗಳು, ಬೂದು ಹಸಿರು ಎಲೆ. ಎಲ್ಲ ಗಾಳಿಗೆ ಒಂದೇ ಕಡೆ ಬಾಗಿದ್ದವು.

ಚಿಕ್ಕಪ್ಪ ಮನೆಯ ಜಗುಲಿಯ ಮೇಲೆ ಕೂತಿದ್ದ. ಅಪ್ಪ ಅಂಗಳದಲ್ಲೇ ನಿಂತ.

"ಏನ್ಲಾ ಅದು?"

"ಕೂತ್ಕೊಳ್ಳಣ್ಣಾ, ಹೇಳ್ತೀನಿ."

"ಏನ್ಲಾ ಅದು ಅಂತ ಕೇಳ್ತಾ ಇವ್ನಿ."

"ನಾನೊಬ್ನೇ ಏನ್ ಮಾಡ್ಲಣ್ಣಾ? ಉಳೋಕೂ ನಾನೇ, ಬಿತ್ತೋಕೂ ನಾನೇ, ಕಾಯೋಕೂ ನಾನೇ. ಇವ್ಳಿಗೆ ಬಾಣಂತನ ಆದಾಗಿಂದ ಮೈಯಾಗ್ ಸರಿಗಿಲ್ಲ. ಸುತ್ತ ಎಲ್ರೂ ನೀಲಗಿರೀನೇ ಇಕ್ಕವ್ರೆ. ಅದಕ್ ಯಾರೂ ಬೇಕಾಗಿಲ್ಲ, ತಾನಾಗ್ ಬೆಳ್ಕೊಂತೈತೆ."

"ನನ್ನ ಒಂದ್ ಮಾತ್ ಕೇಳ್ಬಾರ್ದಾಗಿತ್ತಾ?"

"ಕೇಳಾಕೆ ನೀನೆಲ್ಲಿದ್ದೆ?"

ಚಿಕ್ಕಪ್ಪ ಅದನ್ನು ಮೆಲ್ಲಗೇ ಹೇಳಿದ. ಸಿಟ್ಟಿನಿಂದಲ್ಲ, ದಣಿವಿನಿಂದ. ಅದೇ ಅಪ್ಪನಿಗೆ ತಗುಲಿತೋ ಏನೋ. "ಇವತ್ತಿಂದ ಈ ಮನೇಲಿ ನೀರ್ ಮುಟ್ಟಲ್ಲ" ಎಂದವನೇ ನನ್ನ ಕೈ ಹಿಡಿದು ಹೊರಟ. ಚಿಕ್ಕಮ್ಮ ಮಗುವನ್ನು ಸೊಂಟಕ್ಕಿಟ್ಟುಕೊಂಡು ಚೊಂಬಿನಲ್ಲಿ ನೀರು ಹಿಡಿದು ಬಾಗಿಲಿಗೆ ಬಂದಿದ್ದಳು. "ಬಾವಾ, ಮಗೂಗಾದ್ರೂ ಕೊಡಿ" ಎಂದು ಕೂಗಿದಳು. ನನಗೆ ಬಾಯಾರಿಕೆಯಾಗಿತ್ತು. ಅಪ್ಪ ತಿರುಗಲಿಲ್ಲ.

ಅಲ್ಲಿಂದಾಚೆ ಅಣ್ಣತಮ್ಮಂದಿರ ಮಾತು ನಿಂತಿತು. ಅಕ್ಕನನ್ನು ಶ್ರೀನಿವಾಸಪುರದ ಮಾವಿನ ತೋಟದವರ ಮನೆಗೆ ಕೊಟ್ಟಾಗ ಚಿಕ್ಕಪ್ಪ ಬಂದ, ಮದುವೆಮನೆಯಲ್ಲಿ ಸಾರಿನ ಬಕೆಟ್ಟು ಹಿಡಿದು ಪಂಕ್ತಿಯುದ್ದಕ್ಕೂ ಬಡಿಸಿದ. ಅಕ್ಕನನ್ನು ಕಳಿಸುವಾಗ ಅವಳ ತಲೆ ತಡವಿ ಅತ್ತ. ಅಪ್ಪ ಇರುವ ಕಡೆ ಅವನು ಬರಲಿಲ್ಲ. ಅವನಿರುವ ಕಡೆ ಅಪ್ಪ ಹೋಗಲಿಲ್ಲ. ನೀಲಗಿರಿ ಒಂದು ಸಲ ಕಟಾವಾಗಿ, ಬೊಡ್ಡೆಗಳಿಂದ ಮತ್ತೆ ಚಿಗುರಿತು. ಮತ್ತೆ ಕಡಿದರು, ಮತ್ತೆ ಚಿಗುರಿತು. ಚಿಕ್ಕಪ್ಪ ಪ್ರತಿಸಲವೂ ಅಪ್ಪನ ಪಾಲನ್ನು ಯಾರ ಕೈಯಲ್ಲಾದರೂ ಕಳಿಸುತ್ತಿದ್ದ. ಅಪ್ಪ ಪ್ರತಿಸಲವೂ ವಾಪಸು ಕಳಿಸುತ್ತಿದ್ದ.

ಈ ನಡುವೆ ಅಪ್ಪನ ಕಿವಿ ಹೋಯಿತು. ಒಂದೇ ದಿನ ಹೋಗಿದ್ದಲ್ಲ, ಹಾಗಾಗಿ ನಮಗೆ ತಿಳಿಯಲೂ ಇಲ್ಲ. ಮೊದಲು ಬಾಗಿಲು ತಟ್ಟಿದ್ದು ಕೇಳಿಸದಾಯಿತು, ಆಮೇಲೆ ರೇಡಿಯೋ, ಆಮೇಲೆ ಅಮ್ಮನ ಮಾತು. ಕೆಲಸದಿಂದ ನಿವೃತ್ತನಾಗುವ ಹೊತ್ತಿಗೆ ಎದುರು ನಿಂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದರೆ ಮಾತ್ರ ಅರ್ಥವಾಗುತ್ತಿತ್ತು. ಹಿಂದಿನಿಂದ ಏನು ಕೂಗಿದರೂ ಇಲ್ಲ. ಕಿವಿಗೆ ಹಾಕುವ ಯಂತ್ರ ಕೊಡಿಸಿದೆವು. "ಮತ್ತೆ ಮಿಲ್ಲೊಳಗೆ ಹೋದಂಗಾಗ್ತದೆ" ಎಂದು ತೆಗೆದು ಪೆಟ್ಟಿಗೆಯಲ್ಲಿಟ್ಟ. ಅಮ್ಮ ತೀರಿಕೊಂಡ ಮೇಲೆ ಅವನು ಮಾತಾಡುತ್ತಿದ್ದುದೇ ಕಡಿಮೆ. ಸಂಜೆ ಮಾಮು ಬರುವರು. ಇಬ್ಬರೂ ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಕೈಸನ್ನೆಯಲ್ಲೇ ಹರಟುವರು. ನೋಡಿದವರು ಇಬ್ಬರೂ ಮೂಗರೆಂದುಕೊಳ್ಳುತ್ತಿದ್ದರು.

ಚಿಕ್ಕಪ್ಪ ಹೋದ ಸುದ್ದಿ ಬಂದಾಗ ನಾನು ಕೋಲಾರದಲ್ಲಿದ್ದೆ. ಅಲ್ಲೇ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಿದ್ದ ಚಿಕ್ಕಪ್ಪ ಹಾಗೇ ಕುಸಿದನಂತೆ. ಮಣ್ಣು ಮಾಡುವ ಹೊತ್ತಿಗೆ ಅಪ್ಪನೂ ಬಂದ. ದೂರದಲ್ಲೇ ನಿಂತು, ಒಂದು ಹಿಡಿ ಮಣ್ಣು ಹಾಕಿ ಹೋದ. ತಿಥಿಯ ದಿನ ಮಾಮು ಅವನನ್ನು ಕರೆದುಕೊಂಡು ಬಂದರು. ಅಪ್ಪ ಅಂಗಳದ ಚಪ್ಪರದಡಿ ಒಂದು ಮೂಲೆಯಲ್ಲಿ ಕೂತ. ಒಳಗೆ ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡಳು.

"ನಿಮ್ಮಪ್ಪನ್ ಮನಸು ಕಲ್ಲು ಕಣಮ್ಮಾ. ಇವ್ರು ಹೋದ್ ವರ್ಷ ನಿಮ್ಮ ಮಾಲೂರ್ ಮನೆ ತಂಕ ಬಂದಿದ್ರು. ನಿಂಗೊತ್ತಾ?"

ನನಗೆ ಗೊತ್ತಿರಲಿಲ್ಲ.

"ನಮ್ಮಣ್ಣನ್ನ ನೋಡ್ಕೊಂಡ್ ಬರ್ತೀನಿ, ಇನ್ನೆಷ್ಟ್ ದಿನ ಇರ್ತೀವಿ ಅಂತ ಹೋದ್ರು. ನಿಮ್ಮಪ್ಪ ಮನೆ ಮುಂದೆ ಮಂಚಕ್ಕೆ ನವಾರು ಬಿಗೀತಿದ್ರಂತೆ, ಆ ಕಡೆ ತಿರುಗ್ಕೊಂಡು. ಗೇಟಲ್ಲಿ ನಿಂತು ಅಣ್ಣಾ ಅಂತ ಕರೆದ್ರಂತೆ. ಮತ್ತೆ ಕರೆದ್ರಂತೆ. ಕತ್ತು ಕೂಡ ತಿರುಗಿಸ್ಲಿಲ್ವಂತೆ. ಬಂದು ಇಲ್ಲಿ ಕೂತ್ಕೊಂಡು, ‘ನಮ್ಮಣ್ಣ ನನ್ ಪಾಲಿಗ್ ಸತ್ತೋದ’ ಅಂದ್ರು. ಅವತ್ತು ಉಣ್ಲಿಲ್ಲ."

"ಚಿಕ್ಕಮ್ಮಾ, ನಾಯ್ನಂಗೆ ಕಿವಿ ಕೇಳಲ್ಲ. ಹಿಂದಿನಿಂದ ಕರೆದ್ರೆ ಒಂದಕ್ಷರ ಕೇಳಲ್ಲ."

ಚಿಕ್ಕಮ್ಮ ನನ್ನ ಮುಖವನ್ನೇ ನೋಡಿದಳು. "ಕಿವಿ ಮಂದ ಅಂತ ಗೊತ್ತಿತ್ತು" ಎಂದಳು. "ಇಷ್ಟು ಅಂತ ಗೊತ್ತಿರ್ಲಿಲ್ಲ."

ಇದನ್ನು ಅಪ್ಪನಿಗೆ ಹೇಳಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಹೇಳುವುದಾದರೂ ಹೇಗೆ? ಅವನಿಗೆ ತಿಳಿಯುವ ಹಾಗೆ ಹೇಳಬೇಕಾದರೆ ಊರೆಲ್ಲ ಕೂತಿರುವ ಅಂಗಳದಲ್ಲಿ ಕಿರುಚಬೇಕು. ನಾನು ಮಾಮುವನ್ನು ಪಕ್ಕಕ್ಕೆ ಕರೆದು ಹೇಳಿದೆ. ಮಾಮು ತಲೆಯ ಟೋಪಿ ತೆಗೆದು, ಮತ್ತೆ ಹಾಕಿಕೊಂಡರು. "ನಕ್ಕೋ ಬೇಟಿ, ಹೇಳೋದ್ ಬೇಡ" ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ ಬಂದು, "ಹೇಳ್ದೆ ಹೋದ್ರೂ ಪಾಪಾನೇ" ಎಂದರು.

ಅವರು ಅಪ್ಪನ ಎದುರು ನೆಲದ ಮೇಲೆ ಕೂತರು. ಮಿಲ್ಲಿನ ಭಾಷೆಯಲ್ಲಿ ಕೈ ಆಡಿಸತೊಡಗಿದರು. ನನಗೆ ಪೂರ್ತಿ ಬರದಿದ್ದರೂ ಆ ದಿನ ಎಲ್ಲ ತಿಳಿಯಿತು. ತಮ್ಮ. ಬಂದ. ನಿನ್ನ ಬಾಗಿಲಿಗೆ. ಕರೆದ. ನಿನ್ನ ಬೆನ್ನು. ಹೋದ. ಅಪ್ಪ ಅರ್ಥವಾಗದವನಂತೆ ಮಾಮುವಿನ ಕೈಯನ್ನೇ ನೋಡಿದ. ಕಡೆಯದನ್ನು ಇನ್ನೊಮ್ಮೆ ತೋರಿಸು ಎಂದು ಸನ್ನೆ ಮಾಡಿದ. ಮಾಮು ಇನ್ನೊಮ್ಮೆ ತೋರಿಸಿದರು.

ಅಪ್ಪ ಅಳಲಿಲ್ಲ. ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋದ. ಅಲ್ಲಿ ಚಿಕ್ಕಮ್ಮ ಗೋಡೆಗೊರಗಿ ಕೂತಿದ್ದಳು. ತನ್ನ ದನಿ ಎಷ್ಟು ಜೋರು ಎಂದು ಅವನಿಗೆ ತಿಳಿಯುತ್ತಿರಲಿಲ್ಲವಲ್ಲ, ಇಡೀ ಮನೆಗೆ ಕೇಳುವಂತೆ, "ಅಮ್ಮಾ, ಒಂದ್ ಚೊಂಬು ನೀರು ಕೊಡು" ಎಂದ. ಚಿಕ್ಕಮ್ಮ ಕೊಟ್ಟಳು. ನಿಂತೇ ಕುಡಿದ. ಗಂಟಲಿನಿಂದ ಎದೆಯ ಮೇಲೆಲ್ಲ ಚೆಲ್ಲಿಕೊಂಡ.

ಅವನು ಮಾಲೂರಿಗೆ ವಾಪಸು ಹೋಗಲಿಲ್ಲ. ಮರುದಿನ ಹಾರೆ ಹಿಡಿದು ಹೊಲಕ್ಕೆ ಹೋದ. ಆಗ ನೀಲಗಿರಿ ಕಟಾವಾಗಿ ಬೊಡ್ಡೆಗಳಷ್ಟೇ ಉಳಿದಿದ್ದವು, ಚಿಗುರು ಆಗಷ್ಟೇ ಏಳುತ್ತಿತ್ತು. ಒಂದೊಂದು ಬೊಡ್ಡೆಯ ಸುತ್ತ ಮಣ್ಣು ಅಗೆದು, ಬೇರು ಕೊಡಲಿಯಿಂದ ಕಡಿದು, ಹಾರೆ ಹಾಕಿ ಮೀಟುವುದು. ವಯಸ್ಸಿನ ಆಳಿಗೇ ಸುಸ್ತಾಗುವ ಕೆಲಸ. ಅವನಿಗೆ ಎಪ್ಪತ್ತು ದಾಟಿತ್ತು. ಒಂದು ಬೊಡ್ಡೆಗೆ ಒಂದು ದಿನ ಹಿಡಿಯುತ್ತಿತ್ತು, ಕೆಲವಕ್ಕೆ ಎರಡು.

ಚಿಕ್ಕಪ್ಪನ ಮಗ ಟೆಂಪೋ ಇಟ್ಟುಕೊಂಡು ಕೋಲಾರದ ಮಾರ್ಕೆಟ್ಟಿಗೆ ಟೊಮ್ಯಾಟೊ ಸಾಗಿಸುತ್ತಿದ್ದ. ಅವನು ಮೊದಲು ಬೇಡವೆಂದ. ಎದುರು ನಿಂತು, ಬಾಯಿ ದೊಡ್ಡದಾಗಿ ತೆರೆದು, "ದೊಡ್ಡಪ್ಪಾ, ಇದೆಲ್ಲಾ ಯಾಕೆ? ಸುಮ್ನೆ ಮನೇಲಿ ಕೂತ್ಕೋ" ಎಂದ.

"ನಿಮ್ಮಪ್ಪ ಒಬ್ನೇ ಅಂತ ಇಕ್ಕಿದ್ದು ಇದು. ನಾನ್ ಇದ್ದಿದ್ರೆ ಇಕ್ತಿರ್ಲಿಲ್ಲ. ನಾನ್ ಕೀಳ್ಬೇಕು" ಎಂದ ಅಪ್ಪ.

ಕೆಲವು ವಾರ ಅವನ ಬೆನ್ನು ನೋಡಿ ನೋಡಿ ಹುಡುಗನಿಗೆ ತಡೆಯಲಾಗಲಿಲ್ಲ. ಒಂದು ದಿನ ಜೆಸಿಬಿ ತಂದ. ಅಪ್ಪ ತಿಂಗಳುಗಟ್ಟಲೆ ಮಾಡಬೇಕಾಗಿದ್ದುದನ್ನು ಅದು ಸಂಜೆಯೊಳಗೆ ಮಾಡಿ ಮುಗಿಸಿತು. ಅಪ್ಪ ಹೊಂಗೆಯ ಕೆಳಗೆ ಕೂತು ನೋಡಿದ. ಖುಷಿಪಟ್ಟಂತೆ ಕಾಣಲಿಲ್ಲ. ತನ್ನ ಕೈಯಿಂದಲೇ ಆಗಬೇಕಿತ್ತು ಎಂದು ಅವನಿಗೆ ಅನ್ನಿಸಿರಬೇಕು.

ಮುಂಗಾರಿಗೆ ಯಾರದೋ ಅಟ್ಟದಿಂದ ಒಂದು ಹಳೇ ಕೂರಿಗೆ ಹುಡುಕಿ ತಂದರು. ಸುತ್ತ ಎಲ್ಲರೂ ಟ್ರ್ಯಾಕ್ಟರಿಗೆ ಹೋಗಿದ್ದರಿಂದ ಎತ್ತು ಸಿಗುವುದೇ ಕಷ್ಟವಾಯಿತು. ಕೊನೆಗೆ ಪಕ್ಕದ ಊರಿನ ಒಬ್ಬರು ತಮ್ಮ ಜೋಡಿ ಹೊಡೆದುಕೊಂಡು ಬಂದರು. ನಾನು ಶಾಲೆಗೆ ರಜೆ ಹಾಕಿ ಹೋಗಿದ್ದೆ. ಅಪ್ಪ ಮಡಿಲಲ್ಲಿ ರಾಗಿ ಕಟ್ಟಿಕೊಂಡು ಕೂರಿಗೆಯ ಹಿಂದೆ ನಿಂತ. ಎತ್ತು ಹೊರಟಿತು. ಮಿಲ್ಲಿನಲ್ಲಿ ಹರಿದ ನೂಲು ಗಂಟು ಹಾಕಿ ಹಾಕಿ ಅವನ ಬೆರಳ ತುದಿ ಮರಗಟ್ಟಿ ಹೋಗಿತ್ತು. ಎಷ್ಟು ಬೀಜ ಜಾರುತ್ತಿದೆ ಎಂದು ತಿಳಿಯುತ್ತಿಲ್ಲ ಎಂದ. ಎರಡು ಸಾಲು ಆದ ಮೇಲೆ ನಿಲ್ಲಿಸಿ ತನ್ನ ಕೈಯನ್ನೇ ತಿರುಗಿಸಿ ನೋಡಿದ. ಮತ್ತೆ ನಡೆದ. ಹೊಲ ಮುಗಿಯುವವರೆಗೂ ಇನ್ನೊಬ್ಬರಿಗೆ ಬಿಟ್ಟುಕೊಡಲಿಲ್ಲ.

ಬೆಳೆ ಚೆನ್ನಾಗಿ ಬರಲಿಲ್ಲ. ಸಾಲು ಸೊಟ್ಟಗಿತ್ತು, ಕೆಲವು ಕಡೆ ಬೀಜವೇ ಬಿದ್ದಿರಲಿಲ್ಲ. ಬೊಡ್ಡೆ ಕಿತ್ತ ಜಾಗದಲ್ಲೆಲ್ಲ ಪೈರು ಗೇಣುದ್ದಕ್ಕೇ ಹಳದಿಯಾಗಿ ನಿಂತಿತು. "ಮಣ್ಣು ಮುನಿಸ್ಕೊಂಡೈತೆ. ಇನ್ನೊಂದ್ ನಾಲ್ಕೈದ್ ವರ್ಷ ಬೇಕು" ಎಂದ ಅಪ್ಪ. ಆ ನಾಲ್ಕೈದು ವರ್ಷವೂ ಅವನು ಹಟ ಬಿಡಲಿಲ್ಲ. ಕೆರೆಯ ಗೋಡುಮಣ್ಣು ಹೊಡೆಸಿದ, ಗೊಬ್ಬರಕ್ಕೆ ಕುರಿಮಂದೆ ನಿಲ್ಲಿಸಿದ. ಸ್ವಲ್ಪ ಸ್ವಲ್ಪವಾಗಿ ಹೊಲ ಸುಧಾರಿಸಿತು. ಹಳೆಯ ಬೆಳೆ ಮಾತ್ರ ಒಮ್ಮೆಯೂ ಬರಲಿಲ್ಲ.

ಒಂದು ವರ್ಷ ಒಕ್ಕಣೆಗೆ ಅಕ್ಕನೂ ಶ್ರೀನಿವಾಸಪುರದಿಂದ ಬಂದಳು. ಅಪ್ಪ ಕಣದಲ್ಲಿ ಮೊರ ಹಿಡಿದು ರಾಗಿ ತೂರುತ್ತಿದ್ದ, ಗಾಳಿಗೆ ಬೆನ್ನು ಮಾಡಿ, ನಮಗೂ ಬೆನ್ನು ಮಾಡಿ. ಅಕ್ಕ ಅವನ ಹಿಂದೆ ಹೊಟ್ಟು ಗುಡಿಸುತ್ತಿದ್ದಳು. ಗುಡಿಸುತ್ತ ಗುಡಿಸುತ್ತ ನಿಂತುಬಿಟ್ಟಳು. "ನನ್ನಿಂದ ಅಲ್ವಾ ನಾಯ್ನಾ" ಎಂದಳು. "ನಾನು ಹಂಗೆ ಹುಟ್ದೆ ಹೋಗಿದ್ರೆ ನೀನು ಇಲ್ಲೇ ಇರ್ತಿದ್ದೆ. ಚಿಕ್ಕಪ್ಪನೂ ನೀನೂ ಒಟ್ಟಿಗೇ ಇರ್ತಿದ್ರಿ."

ಅವನಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೇ ಹೇಳಿದಳು. ಅವಳ ಮೊಮ್ಮಗು ಅಲ್ಲೇ ಹುಲ್ಲಿನ ಮೇಲೆ ಉರುಳಾಡುತ್ತಿತ್ತು. ಅಪ್ಪ ತೂರುತ್ತಲೇ ಇದ್ದ. ಮುಂದೆ ಬಂದು ಹೇಳು ಅಕ್ಕಾ ಎಂದೆ. ಅವಳು ತಲೆಯಾಡಿಸಿ ಪೊರಕೆ ಎತ್ತಿಕೊಂಡಳು. "ಅವ್ನು ಅಲ್ಲ ಅಂತಾನೆ. ಅಂದ್ರೂ ನಾನ್ ನಂಬಲ್ಲ. ಹೌದು ಅಂದ್ರೆ ತಡ್ಕೊಳ್ಳಾಕಾಗಲ್ಲ." ಆಮೇಲೂ ಅವಳು ಅವನಿಗೆ ಹೇಳಲಿಲ್ಲ. ಆ ಮಾತಿಗೆ ಅಪ್ಪ ಏನನ್ನುತ್ತಿದ್ದ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವನು ತಮ್ಮನ ಬಗ್ಗೆ ಕೊರಗಿದ, ಮಣ್ಣಿನ ಬಗ್ಗೆ ಕೊರಗಿದ. ಮಿಲ್ಲಿಗೆ ಹೋಗಿದ್ದೇ ತಪ್ಪಾಯಿತು ಎಂದು ಮಾತ್ರ ಒಂದು ದಿನವೂ ಅವನ ಬಾಯಿಂದ ಬರಲಿಲ್ಲ. ಅಷ್ಟನ್ನಾದರೂ ಅಕ್ಕನಿಗೆ ಬಿಡಿಸಿ ಹೇಳಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ಕಡೆಯ ವರ್ಷ ಅಪ್ಪನಿಗೆ ಎದ್ದು ಓಡಾಡಲು ಆಗುತ್ತಿರಲಿಲ್ಲ. ಅಕ್ಕ ಹಟಮಾಡಿ ತನ್ನ ಮನೆಗೆ ಕರೆದುಕೊಂಡು ಹೋದಳು. ಮಾವಿನ ಮರದಡಿ ಮಂಚ ಹಾಕಿಸಿದಳು. ಮಾಮು ಮಾಲೂರಿನಿಂದ ಮೊಮ್ಮಗನ ಬೈಕಿನ ಹಿಂದೆ ಕೂತು ಬಂದು ಒಂದು ದಿನವಿಡೀ ಇದ್ದು ಹೋದರು. ಅದಾದ ಸ್ವಲ್ಪ ದಿನಕ್ಕೆ, ಮಾವು ಹೂ ಬಿಟ್ಟಿದ್ದ ಕಾಲದಲ್ಲಿ, ಅಪ್ಪ ನಿದ್ದೆಯಲ್ಲೇ ಹೋದ. ಅವನನ್ನು ಹೊಲಕ್ಕೆ ತಂದು ಚಿಕ್ಕಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಸತ್ತ ಮೇಲಾದರೂ ಒಟ್ಟಿಗಿದ್ದಾರೆ ಎಂದು ಊರಿನವರು ಸಮಾಧಾನ ಹೇಳಿದರು. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಬದುಕಿದ್ದಾಗ ಅವರ ನಡುವೆ ಇದ್ದುದು ಎರಡು ಬಸ್ಸಿನ ದಾರಿ, ಅಷ್ಟೇ.

ಒಂದು ವರ್ಷ ಹೊಲ ಬೀಳು ಬಿತ್ತು. ಏನು ಹಾಕಲಿ ಎಂದು ಚಿಕ್ಕಪ್ಪನ ಮಗ ಅಕ್ಕನನ್ನೂ ನನ್ನನ್ನೂ ಕೇಳಿದ. ಅವನಿಗೆ ರಾಗಿಯಲ್ಲಿ ನಂಬಿಕೆಯಿರಲಿಲ್ಲ. ನೀಲಗಿರಿ ಮಾತ್ರ ಇಕ್ಕಬೇಡ, ಉಳಿದಿದ್ದು ನಿನ್ನಿಷ್ಟ ಎಂದೆವು. ಕೊಳವೆಬಾವಿ ತೆಗೆಸಿ ಟೊಮ್ಯಾಟೊ ಹಾಕಿದ. ಪ್ಲಾಸ್ಟಿಕ್ ಹೊದಿಸಿದ ಸಾಲುಗಳು, ಗೂಟ, ದಾರ. ಹೋದ ವಾರ ನಾನೂ ಅಕ್ಕನೂ ಹೋದಾಗ ಕೊಯ್ಲು ನಡೆದಿತ್ತು, ಆಳು ಸಾಲದೆ ಅವನು ಒದ್ದಾಡುತ್ತಿದ್ದ. ಚಿಕ್ಕಮ್ಮ ಹಣ್ಣು ಆಯುತ್ತ ಕೂತಿದ್ದಳು. "ನಿಂತ್ಕೊಂಡ್ ನೋಡ್ತೀರಲ್ಲ, ಬನ್ರಮ್ಮಾ" ಎಂದಳು. ನಾವೂ ಸೆರಗು ಸಿಕ್ಕಿಸಿಕೊಂಡು ಕೂತೆವು. ಕೆಂಪಾದದ್ದು ಒಂದು ಕಡೆ, ದೋರೆಗಾಯಿ ಒಂದು ಕಡೆ. ಸಂಜೆ ಟ್ರೇಗಳನ್ನೆಲ್ಲ ಟೆಂಪೋಗೆ ತುಂಬಿದ ಮೇಲೆ, ಅವನ ಪಕ್ಕದ ಸೀಟಿನಲ್ಲಿ ಒತ್ತೊತ್ತಾಗಿ ಕೂತು ಅಕ್ಕನೂ ನಾನೂ ಕೋಲಾರದ ಕಡೆ ಹೊರಟೆವು. ದಾರಿಯಲ್ಲಿ ಮೋಡ ಕವಿದಿತ್ತು. ಮಾರ್ಕೆಟ್ಟು ಮುಟ್ಟುವವರೆಗೆ ಮಳೆ ಬರದಿರಲಪ್ಪಾ ಎಂದು ಹುಡುಗ ಗೊಣಗುತ್ತಿದ್ದ. ಅಕ್ಕ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದಳು.